ಪಾಶ್ಚರನ ಎಡಗೈ

ಲೂಯಿ ಪಾಶ್ಚರನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಇರಲಾರನು. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆ ಕಂಡವನು, ಹಾಲು ಕೆಡದಂತೆ ಕಾಯಿಸಿಡುವ ಕ್ರಮಕ್ಕೆ ತನ್ನ ಹೆಸರನ್ನು ಬಿಟ್ಟುಹೋದವನು ಎಂದು ಮಾಧ್ಯಮಿಕ ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಆತನ ಜೀವಿತದ ಒಂದು ಮುಖ್ಯ ಸಂಗತಿಗೆ ನಮ್ಮ ಪಠ್ಯಪುಸ್ತಕಗಳು ಒಂದು ವಾಕ್ಯಕ್ಕಿಂತ ಹೆಚ್ಚಿನ ಎಡೆಯನ್ನು ಕೊಟ್ಟಿಲ್ಲ. ಹಲವು ಪುಸ್ತಕಗಳಲ್ಲಿ ಆ ಒಂದು ವಾಕ್ಯವೂ ಇಲ್ಲ. ನಲವತ್ತಾರು ತುಂಬುವುದಕ್ಕೆ ಮೊದಲೇ ಪಾಶ್ಚರನಿಗೆ ಪಾರ್ಶ್ವವಾಯು ಬಡಿಯಿತು. ಆಮೇಲೆ ಬದುಕಿದ ಸುಮಾರು 27 ವರ್ಷಗಳಲ್ಲಿ ಆತನ ಎಡಗೈ ಎಡಗಾಲುಗಳು ಎಂದೂ ಪೂರ್ತಿಯಾಗಿ ಆತನ ವಶಕ್ಕೆ ಮರಳಲಿಲ್ಲ. ನೆರಡಿ ರೋಗದ ಲಸಿಕೆ, ಹುಚ್ಚುನಾಯಿ ರೋಗದ ಲಸಿಕೆ, ಪ್ಯಾರಿಸ್ಸಿನಲ್ಲಿ ಆತನ ಹೆಸರು ಹೊತ್ತ ಸಂಸ್ಥೆ, ಇವೆಲ್ಲವೂ ಆ ವರ್ಷಗಳ ಫಲ.

ಕನ್ನಡ ಪಾಠ ಹೇಳುವವನಿಗೆ ಈ ಫ್ರೆಂಚ್ ರಸಾಯನಶಾಸ್ತ್ರಜ್ಞನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಬಿ. ಎಂ. ಶ್ರೀಕಂಠಯ್ಯನವರ ಸಂಪಿಗೆ, ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರ ಎರಡೂ ನಮ್ಮ ತೆಂಗಿನ ಸೀಮೆಯಲ್ಲೇ ಇರುವಾಗ ಜೀವನಚರಿತ್ರೆಗೆ ವಸ್ತುವಿನ ಬಡತನವಿಲ್ಲ, ನಿಜ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಯಾವ ಊರಿಗೆ ಹೋದರೂ ಲಕ್ವ ಹೊಡೆದು ಜಗುಲಿಯ ಮೇಲೆ ಕುಳಿತ ಹಿರಿಯರೊಬ್ಬರು ಕಣ್ಣಿಗೆ ಬೀಳುತ್ತಾರೆ. ಅವರ ಮನೆಯ ಗೋಡೆಯ ಮೊಳೆಗೆ ದೊಡ್ಡದೊಂದು ಲಕೋಟೆ ತೂಗುತ್ತಿರುತ್ತದೆ. ಒಳಗೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ತೆಗೆಸಿದ ಮಿದುಳಿನ ಚಿತ್ರಗಳು. ಆ ಚಿತ್ರಗಳನ್ನು ಜನ ಜಾತಕದಂತೆ ಓದುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಪಾಶ್ಚರನ ಚರಿತ್ರೆಯನ್ನು ಮತ್ತೊಮ್ಮೆ ಓದುವಾಗ ಆ ಲಕೋಟೆಗಳು ನನ್ನ ನೆನಪಿನಿಂದ ದೂರವಾಗಲಿಲ್ಲ.

ಆತನ ಪೂರ್ವಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 1822ನೆಯ ಇಸವಿ ಡಿಸೆಂಬರ್ 27ರಂದು ಪೂರ್ವ ಫ್ರಾನ್ಸಿನ ದೋಲ್ ಎಂಬ ಪಟ್ಟಣದಲ್ಲಿ ಜನನ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ದುಡಿದು ಬಂದು ಚರ್ಮ ಹದಮಾಡುವ ಕಸುಬು ಹಿಡಿದಿದ್ದವನು. ಬೆಳೆದದ್ದು ಆರ್ಬ್ವಾ ಎಂಬ ಊರಿನಲ್ಲಿ. ಪ್ಯಾರಿಸ್ಸಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಹೊಸತರಲ್ಲಿ, 1848ರಲ್ಲಿ, ದ್ರಾಕ್ಷಾರಸದ ಆಮ್ಲಕ್ಕೆ ಸಂಬಂಧಿಸಿದ ಒಂದು ಲವಣದ ಹರಳುಗಳಲ್ಲಿ ಎರಡು ಬಗೆಯಿರುವುದನ್ನು ಕಂಡನು. ನಮ್ಮ ಎರಡು ಕೈಗಳಂತೆ ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬ. ಸೂಕ್ಷ್ಮದರ್ಶಕದ ಕೆಳಗೆ ಎಡಹರಳನ್ನೂ ಬಲಹರಳನ್ನೂ ಒಂದೊಂದಾಗಿ ಆರಿಸಿ ಬೇರ್ಪಡಿಸಿದ್ದು ಆತನ ಕೈಗಳ ಕೆಲಸ. ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಮಾರಿ ಲೊರಾಂ ಎಂಬಾಕೆಯೊಡನೆ ವಿವಾಹವಾಯಿತು. ಆಕೆ ಬಾಳಸಂಗಾತಿಯಾದಳು, ಲಿಪಿಕಾರಳೂ ಆದಳು. ಗಂಡ ಹೇಳುತ್ತಿದ್ದುದನ್ನು ರಾತ್ರಿಗಳಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದವಳು ಆಕೆಯೇ. ಲೀಲ್ ನಗರದಲ್ಲಿ ಹುದುಗುವಿಕೆಯ ಶೋಧನೆ ಆರಂಭವಾಗಿ ಪ್ಯಾರಿಸ್ಸಿನಲ್ಲಿ ಮುಂದುವರಿಯಿತು. ಜೀವ ಜೀವದಿಂದಲೇ ಹುಟ್ಟತಕ್ಕದ್ದೆಂಬುದನ್ನು ಕೊಕ್ಕರೆಯ ಕತ್ತಿನ ಬುದ್ದಲಿಗಳಿಂದ ತೋರಿಸಿಕೊಟ್ಟದ್ದೂ ಈ ಕಾಲದಲ್ಲಿಯೇ.

1865ರಲ್ಲಿ ಗುರು ದ್ಯೂಮಾನ ಒತ್ತಾಯದಿಂದ ಆತನು ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣಕ್ಕೆ ಹೋಗಬೇಕಾಯಿತು. ಅಲ್ಲಿ ರೇಷ್ಮೆ ಹುಳುಗಳು ಕಾಳುಮೆಣಸು ಉದುರಿಸಿದಂತೆ ಕಪ್ಪು ಚುಕ್ಕೆಗಟ್ಟಿ ಸಾಯುತ್ತಿದ್ದವು. ಸೀಮೆಗೆ ಸೀಮೆಯೇ ದಿವಾಳಿಯೆದ್ದಿತ್ತು. ಪಾಶ್ಚರನು ಅದುವರೆಗೆ ರೇಷ್ಮೆ ಹುಳುವನ್ನು ಮುಟ್ಟಿದವನಲ್ಲ. ಕೀಟಶಾಸ್ತ್ರಜ್ಞ ಫಾಬ್ರನ ಮನೆಗೆ ಹೋದಾಗ ಒಂದು ಗೂಡನ್ನು ಕೈಗೆ ತೆಗೆದುಕೊಂಡು, ಕಿವಿಯ ಬಳಿ ಅಲುಗಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದನಂತೆ. ಫಾಬ್ರನು ಇದನ್ನು ನಗುತ್ತಲೇ ಬರೆದಿಟ್ಟಿದ್ದಾನೆ. ನನಗೇನೋ ಇದರಲ್ಲಿ ನಗುವಂಥದು ಕಾಣಲಿಲ್ಲ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ನೀರು ಇಂಗಿದೆಯೆ, ಕೊಬ್ಬರಿ ಚಿಪ್ಪನ್ನು ಬಿಟ್ಟು ಗಿಟುಕಾಗಿದೆಯೆ ಎಂದು ಹೇಳುವ ತಿಪಟೂರಿನ ರೈತನೂ ಮಾಡುವುದು ಅದನ್ನೇ. ಒಡೆಯದೆ ಒಳಗನ್ನು ತಿಳಿಯಬೇಕಾದಾಗ ಮನುಷ್ಯನಿಗಿದ್ದ ಉಪಾಯ ಬಹುಕಾಲ ಅದೊಂದೇ.

ಹುಳುವಿನ ಅಧ್ಯಯನ ನಡೆದಿರುವಾಗಲೇ ತಂದೆ ತೀರಿಕೊಂಡನು. ಎರಡು ವರ್ಷದ ಮಗಳು ಕಮೀಲ್, ಹನ್ನೆರಡರ ಸೆಸೀಲ್ ಒಂದು ವರ್ಷದೊಳಗೆ ಹೋದರು. ಹಿರಿಯ ಮಗಳು ಮೊದಲೇ ತೀರಿಹೋಗಿದ್ದಳು. ಇಷ್ಟರ ನಡುವೆಯೂ ಪಾಶ್ಚರನು ಕಂಡುಹಿಡಿದ ಕ್ರಮ ಅತ್ಯಂತ ಸರಳವಾದದ್ದು. ಒಂದೊಂದು ಚಿಟ್ಟೆಯನ್ನೂ ಬೇರೆ ಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಿಸುವುದು. ಆಮೇಲೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ನಮ್ಮವರು ಗಂಟುರೋಗವೆಂದು ಕರೆಯುವ ಆ ವ್ಯಾಧಿಗೆ ಇಂದಿಗೂ ಬೇರೆ ದಾರಿಯಿಲ್ಲ. ಕುಣಿಗಲ್, ಮಾಗಡಿಯ ಕಡೆ ಬಿತ್ತನೆ ಗೂಡು ಬೆಳೆಯುವವರಿಗೂ, ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯನ್ನು ಅರೆದು ಪರೀಕ್ಷಿಸುವವರಿಗೂ ಪಾಶ್ಚರನು ಈ ಅರ್ಥದಲ್ಲಿ ದೂರದವನಲ್ಲ.

ಇನ್ನು 1868ರ ಅಕ್ಟೋಬರ್ 19, ಸೋಮವಾರ. ಬೆಳಿಗ್ಗೆ ಎದ್ದಾಗಲೇ ಎಡಪಕ್ಕದಲ್ಲಿ ಜುಮುಗುಟ್ಟುವಿಕೆ. ಆದರೂ ಮಧ್ಯಾಹ್ನ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ರೇಷ್ಮೆ ಹುಳುವಿನ ಬಗ್ಗೆ ಒಂದು ಪ್ರಬಂಧವನ್ನು ಓದಬೇಕೆಂದು ಹೊರಟನು. ಮನಸ್ಸು ತಡೆಯದೆ ಮಾರಿ ಯಾವುದೋ ನೆಪ ಹೇಳಿ ಅಕಾಡೆಮಿಯ ಬಾಗಿಲವರೆಗೂ ಜೊತೆಗೆ ನಡೆದಳು. ಅಲ್ಲಿ ಸಿಕ್ಕಿದ ಬಲಾರನನ್ನು, ಹಿಂತಿರುಗುವಾಗ ಜೊತೆಗಿರಿ ಎಂದು ಬೇಡಿಕೊಂಡಳು. ಪ್ರಬಂಧವನ್ನು ಓದಿದ್ದಾಯಿತು, ಗೆಳೆಯರೊಡನೆ ನಡೆದು ಮನೆಗೆ ಬಂದದ್ದಾಯಿತು, ಊಟವೂ ಆಯಿತು. ಮಲಗಿದ ಮೇಲೆ ರೋಗ ತನ್ನ ನಿಜರೂಪವನ್ನು ತೋರಿಸಿತು. ಮಾತು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೈ ಸೀಸದಂತೆ ಭಾರವಾಯಿತು. ಒಂದು ಹಗಲು ಒಂದು ರಾತ್ರಿ ಹೀಗೆ ಏರಿಳಿದು ಕಡೆಗೆ ಎಡಪಕ್ಕವೆಲ್ಲ ಸ್ತಬ್ಧವಾಯಿತು. ವೈದ್ಯರು ಕಿವಿಯ ಹಿಂದೆ ಜಿಗಣೆಗಳನ್ನು ಬಿಡಿಸಿದರು.

ಆ ವೈದ್ಯರನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಅದೇ ನಗರದಲ್ಲಿ ಏಳು ವರ್ಷಗಳ ಹಿಂದೆ ಬ್ರೋಕಾ ಎಂಬ ಶಸ್ತ್ರವೈದ್ಯನು, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಪರೀಕ್ಷಿಸಿ, ನುಡಿಯ ನೆಲೆ ಮಿದುಳಿನ ಮುಂಭಾಗದಲ್ಲಿದೆಯೆಂಬುದಕ್ಕೆ ಸಾಕ್ಷ್ಯ ಒದಗಿಸಿದ್ದನು. ಆ ನೆಲೆ ಎಡಪಾರ್ಶ್ವದ್ದೆಂದು ಮುಂದೆ ಸ್ಥಿರಪಟ್ಟಿತು. ಆದರೆ ಆ ಪರೀಕ್ಷೆ ಸಾಧ್ಯವಾದದ್ದು ರೋಗಿ ಸತ್ತ ಮೇಲೆ. ಪಾಶ್ಚರನ ಎಡಮೈ ಬಿದ್ದು, ಮಾತು ಮಾತ್ರ ಬೇಗ ಮರಳಿದ್ದರಿಂದ ಪೆಟ್ಟು ಮಿದುಳಿನ ಬಲಭಾಗಕ್ಕೆ ಬಿದ್ದಿತ್ತೆಂದು ಹೇಳಬಹುದು. ರಕ್ತನಾಳ ಒಡೆಯಿತೋ, ಹೆಪ್ಪುಗಟ್ಟಿ ಮುಚ್ಚಿಹೋಯಿತೋ ಎಂಬುದನ್ನು ಹೇಳುವ ಸಾಧನ ಯಾರ ಕೈಯಲ್ಲಿಯೂ ಇರಲಿಲ್ಲ. ಹೋಗುತ್ತ ಬರುತ್ತ ಮೆಟ್ಟಲು ಮೆಟ್ಟಲಾಗಿ ಏರಿದ ರೀತಿಯನ್ನು ನೋಡಿದರೆ ಮುಚ್ಚಿದ ನಾಳವೇ ಇದ್ದಿರಬಹುದೆಂದು ಊಹಿಸಲು ಅವಕಾಶವುಂಟು. ಅದು ಊಹೆ ಮಾತ್ರ. ಜೀವಂತ ಮಿದುಳನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರವನ್ನು ಇಂಗ್ಲೆಂಡಿನ ಹೌನ್ಸ್‌ಫೀಲ್ಡನು ರೋಗಿಯೊಬ್ಬರ ಮೇಲೆ ಮೊದಲು ಪ್ರಯೋಗಿಸಿದ್ದು 1971ರ ಅಕ್ಟೋಬರ್ 1ರಂದು. ಪಾಶ್ಚರನು ಮಲಗಿ 103 ವರ್ಷಗಳಾಗಿದ್ದವು.

ಆ ಯಂತ್ರ ಅಂದಿನ ರಾತ್ರಿಯೇ ಇದ್ದಿದ್ದರೆ ಏನನ್ನು ತೋರಿಸುತ್ತಿತ್ತು? ಊಹೆಯಂತೆ ಹೆಪ್ಪಿನಿಂದಲೇ ಆದದ್ದೆಂದು ಇಟ್ಟುಕೊಳ್ಳೋಣ. ಮೊದಲ ಕೆಲವು ಗಂಟೆಗಳಲ್ಲಿ ಬಹುಶಃ ಏನನ್ನೂ ತೋರಿಸುತ್ತಿರಲಿಲ್ಲ. ಇದು ನಮ್ಮ ಜನ ತಿಳಿಯಬೇಕಾದ ಮೊದಲ ಮಾತು. ರಕ್ತ ಸೋರಿದ್ದರೆ ಸಿ.ಟಿ.ಯಲ್ಲಿ ಅದು ಒಡನೆಯೇ ಬೆಳ್ಳಗೆ ಕಾಣುತ್ತದೆ. ನಾಳ ಮುಚ್ಚಿದ್ದರೆ ಹಾಗಲ್ಲ. ರಕ್ತವಿಲ್ಲದ ಜೀವಕೋಶಗಳು ನಿಮಿಷಗಳಲ್ಲಿ ಸೋತು, ಸುತ್ತಲ ನೀರನ್ನು ಒಳಗೆಳೆದುಕೊಂಡು ಉಬ್ಬುತ್ತವೆ. ಆದರೆ ಅಲ್ಲಿದ್ದ ನೀರು ಅಲ್ಲಿಯೇ ಕೋಣೆ ಬದಲಾಯಿಸಿತೇ ಹೊರತು ಒಟ್ಟು ಮೊತ್ತ ಇನ್ನೂ ಹೆಚ್ಚಲಿಲ್ಲವಾದ್ದರಿಂದ ಸಿ.ಟಿ.ಯ ಕಣ್ಣಿಗೆ ಅದು ಬೀಳುವುದು ಕಷ್ಟ. ಬೂದು ಪದರಕ್ಕೂ ಬಿಳಿ ಪದರಕ್ಕೂ ಇರುವ ಗೆರೆ ಕೊಂಚ ಮಸುಕಾದದ್ದನ್ನು ಪಳಗಿದವರು ಮಾತ್ರ ಗುರುತಿಸಿಯಾರು. ಎಂ.ಆರ್.ಐ. ಯಂತ್ರದ ಒಂದು ವಿಶೇಷ ಚಿತ್ರವು ನೀರಿನ ಕಣಗಳ ಚಲನೆಯನ್ನೇ ಅಳೆಯುವುದರಿಂದ, ಉಬ್ಬಿದ ಕೋಶಗಳಲ್ಲಿ ಸಿಕ್ಕಿಬಿದ್ದ ನೀರನ್ನು ಅದು ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಎತ್ತಿ ತೋರಿಸುತ್ತದೆ. ಇನ್ನೊಂದು ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಅದೇ ಜಾಗ ಬೆಳ್ಳಗಾಗಲು ಸುಮಾರು ನಾಲ್ಕರಿಂದ ಆರು ಗಂಟೆ ಬೇಕು. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಪೆಟ್ಟು ಹೊಸದೆಂದು ಅರ್ಥ. ನಿದ್ರೆಯಲ್ಲಿ ಬಡಿದ ಪಾರ್ಶ್ವವಾಯುವಿನ ವಯಸ್ಸನ್ನು ಇಂದಿನ ವೈದ್ಯರು ಎಣಿಸುವುದು ಹೀಗೆ.

ವಯಸ್ಸಿಗೆ ಏಕಿಷ್ಟು ಬೆಲೆ? ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತೊಡೆಯ ಅಥವಾ ಮಣಿಕಟ್ಟಿನ ನಾಳದ ಮೂಲಕ ಕೊಳವೆ ತೂರಿಸಿ ಎಳೆದು ತೆಗೆಯುವ ಕ್ರಮಕ್ಕೆ, ಆಯ್ದ ಕೆಲವು ರೋಗಿಗಳಲ್ಲಿ, 24 ಗಂಟೆಯವರೆಗೂ ಅವಕಾಶವುಂಟೆಂದು 2018ರಲ್ಲಿ ಪ್ರಕಟವಾದ ಶೋಧನೆಗಳಿಂದ ಸಿದ್ಧವಾಗಿದೆ. ಗಡಿಯಾರ ಹೊರಡುವುದು ಮಲಗಿದಾಗಲಲ್ಲ, ಬೆಳಗಿನ ಜುಮುಗುಟ್ಟುವಿಕೆಯಿಂದ. ಪಾಶ್ಚರನು ಅಕಾಡೆಮಿಗೆ ನಡೆದ ಆ ಮಧ್ಯಾಹ್ನವನ್ನು ಆತನ ಚರಿತ್ರಕಾರರು ಕರ್ತವ್ಯನಿಷ್ಠೆಯೆಂದು ಹೊಗಳುತ್ತಾರೆ. ಇಂದು ಯಾರೂ ಅದನ್ನು ಅನುಕರಿಸಬಾರದು. ಆ ದಿನ ಮನೆಯಲ್ಲಿ ಸರಿಯಾಗಿ ಕಂಡವಳು ಮಾರಿ.

ನಮ್ಮ ಬಂಧುವೊಬ್ಬರ ಕಥೆಯನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಅವರು ತುರುವೇಕೆರೆ ತಾಲ್ಲೂಕಿನ ತೆಂಗು ಬೆಳೆಗಾರರು. ಒಂದು ಮುಂಜಾನೆ ಬಲಗೈ ಸೋತಿತೆಂದು ಮಗ ಕಾರಿನಲ್ಲಿ ನಗರದ ಒಂದು ಆಸ್ಪತ್ರೆಗೆ ಒಯ್ದನು. ಸಿ.ಟಿ. ಚಿತ್ರದಲ್ಲಿ ರಕ್ತಸ್ರಾವವಿಲ್ಲವೆಂದರು. ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ ಎಂಬ ಮಾತಾಗಿ ಅದು ಮನೆಯವರ ಕಿವಿಗೆ ಮುಟ್ಟಿತು. ಏನೂ ಇಲ್ಲದ ಮೇಲೆ ಆಸ್ಪತ್ರೆಯೇಕೆ? ಹಿರಿಯರ ಸಲಹೆಯಂತೆ ಎಣ್ಣೆ ನೀವಿಸಲೆಂದು ಸಂಜೆಗೆ ಊರಿಗೆ ಕರೆತಂದರು. ಬೆಳಗಾಗುವಷ್ಟರಲ್ಲಿ ಕಾಲೂ ಮಾತೂ ಹೋಗಿದ್ದವು. ಮೂರನೆಯ ದಿನದ ಚಿತ್ರದಲ್ಲಿ ಮಿದುಳಿನ ಎಡಗಡೆ ಅಂಗೈಯಗಲ ಕಪ್ಪು. ರಕ್ತಸ್ರಾವವಿಲ್ಲವೆಂದು ಹೇಳುವ ಮೊದಲ ಚಿತ್ರವೇ ಮದ್ದಿಗೆ ಬಾಗಿಲು ತೆರೆಯುವ ಚಿತ್ರ. ನಮ್ಮವರು ಅದನ್ನೇ ಮನೆಗೆ ಮರಳಲು ಅಪ್ಪಣೆಯೆಂದು ಓದಿದರು. ಅಟ್ಟಕ್ಕೆ ಹಾಕಿದ ತಿಂಗಳನ್ನು ತಿಳಿಯದೆ ಕಾಯಿಯ ಸದ್ದಿನಿಂದಷ್ಟೇ ಯಾವ ರೈತನೂ ಬೆಲೆ ಕಟ್ಟುವುದಿಲ್ಲ. ಮೊದಲ ತಿಂಗಳಲ್ಲಿ ಸದ್ದಿಲ್ಲದ ಕಾಯಿಗೂ ಹನ್ನೊಂದನೆಯ ತಿಂಗಳಲ್ಲಿ ಸದ್ದಿಲ್ಲದ ಕಾಯಿಗೂ ಅರ್ಥ ಬೇರೆ. ಮಿದುಳಿನ ಚಿತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿತವಾದ ದಿನಾಂಕ, ಗಂಟೆಗಳನ್ನು ಮಾತ್ರ ನಾವು ನೋಡುವುದಿಲ್ಲ.

ಮತ್ತೆ ಪ್ಯಾರಿಸ್ಸಿಗೆ ಹೋಗೋಣ. ದಿನವೊಂದು ಕಳೆಯುವಷ್ಟರಲ್ಲಿ ಸತ್ತ ಭಾಗದೊಳಕ್ಕೆ ನಾಳಗಳಿಂದ ನೀರು ಸೋರತೊಡಗಿ, ಸಿ.ಟಿ.ಯಲ್ಲಿ ಅದು ಕಪ್ಪು ಛಾಯೆಯಾಗಿ ಮೂಡುತ್ತದೆ. ಮೂರರಿಂದ ಐದನೆಯ ದಿನದವರೆಗೆ ಬಾವು ಅತ್ಯಂತ ಹೆಚ್ಚು. ದೊಡ್ಡ ಪೆಟ್ಟಾದರೆ ನೆರೆಯ ಭಾಗಗಳನ್ನು ಅದು ಒತ್ತುತ್ತದೆ, ಪ್ರಾಣಕ್ಕೆ ಅಪಾಯವಿರುವುದೂ ಆಗಲೇ. ಪಾಶ್ಚರನು ಸಾಯುವನೆಂದು ಎಲ್ಲರೂ ನಂಬಿದ್ದು ಈ ದಿನಗಳಲ್ಲಿ. ಆತನಿಗಾಗಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ಮಂಜೂರು ಮಾಡಿದ್ದ ಹೊಸ ಪ್ರಯೋಗಶಾಲೆಯ ಕಟ್ಟಡದ ಕೆಲಸವನ್ನು ಅಧಿಕಾರಿಗಳು ಸದ್ದಿಲ್ಲದೆ ನಿಲ್ಲಿಸಿಬಿಟ್ಟರು. ಬದುಕಲಾರದವನಿಗೆ ಕಟ್ಟಡವೇಕೆಂಬ ಲೆಕ್ಕ. ಕೆಲಸದವರಿಲ್ಲದ್ದನ್ನು ಪಾಶ್ಚರನು ಗಮನಿಸಿದನು. ತನ್ನ ಆಯುಷ್ಯದ ಬಗ್ಗೆ ಸರ್ಕಾರದ ಅಭಿಪ್ರಾಯವೇನೆಂಬುದು ಆತನಿಗೆ ತಿಳಿಯಿತು. ವಿಷಯ ಚಕ್ರವರ್ತಿಗೆ ಮುಟ್ಟಿದ ಮೇಲೆ ಕೆಲಸ ಮತ್ತೆ ಆರಂಭವಾಯಿತು. ಅಷ್ಟರಲ್ಲಿಯೇ, ಪೆಟ್ಟು ಬಿದ್ದ ಒಂದು ವಾರಕ್ಕೆ, ಬಳಿ ಕುಳಿತು ಎಚ್ಚರವಿದ್ದ ಶಿಷ್ಯ ಜೆರ್ನೆಗೆ ರೇಷ್ಮೆ ಹುಳುವಿನ ಸಪ್ಪೆರೋಗವನ್ನು ಮೊದಲೇ ಗುರುತಿಸುವ ವಿಧಾನದ ಬಗ್ಗೆ ಆತನು ಒಂದು ಟಿಪ್ಪಣಿಯನ್ನು ಬಾಯಲ್ಲಿ ಹೇಳಿ ಬರೆಸಿದನು. ಬಾವು ತುಂಬಿದ ಮಿದುಳಿನ ಚಿತ್ರವೊಂದು ಅಂದು ಅಧಿಕಾರಿಗಳ ಮೇಜಿನ ಮೇಲಿದ್ದಿದ್ದರೆ ಕಟ್ಟಡ ಇನ್ನೂ ಬೇಗ ನಿಲ್ಲುತ್ತಿತ್ತೇನೋ.

ಎರಡನೆಯ ಮೂರನೆಯ ವಾರದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಬಾವು ಇಳಿದು, ಸತ್ತ ಕೋಶಗಳನ್ನು ತೆರವು ಮಾಡುವ ಕಣಗಳು ಬಂದು ತುಂಬಿ, ಹೊಸ ಸಣ್ಣ ನಾಳಗಳು ಹಬ್ಬುವುದರಿಂದ ಸಿ.ಟಿ.ಯಲ್ಲಿ ಕಪ್ಪು ಮಸುಕಾಗಿ, ಕೆಲವರಲ್ಲಿ ಚಿತ್ರ ಮತ್ತೆ ಸಹಜವಾದದ್ದೇನೋ ಎಂಬಂತೆ ಕಾಣುತ್ತದೆ. ವೈದ್ಯರು ಇದಕ್ಕೆ ಮಂಜು ಕವಿಯುವುದೆಂದು ಹೆಸರಿಟ್ಟಿದ್ದಾರೆ. ಆದರೆ ರೋಗಿಯ ಕೈ ಎದ್ದಿರುವುದಿಲ್ಲ. ಎಂ.ಆರ್.ಐ.ಯ ಬೆಳಕೂ ಈ ವಾರಗಳಲ್ಲಿಯೇ ಕುಂದತೊಡಗುತ್ತದೆ. ಮಂಜು ತಿಳಿಯಾದ ಮೇಲೆ ಕಪ್ಪು ಮತ್ತೆ ತಲೆದೋರಿ, ತಿಂಗಳುಗಳು ಕಳೆದಂತೆ ಅಂಚು ಕಟ್ಟಿ, ಕಡೆಗೆ ನೀರು ತುಂಬಿದ ಕುಳಿಯಾಗುತ್ತದೆ. ಸುತ್ತಲ ಭಾಗ ಕುಗ್ಗುತ್ತದೆ, ಆ ಪಕ್ಕದ ಮಿದುಳ ಕೋಣೆ ಹಿಗ್ಗುತ್ತದೆ. ಅಲ್ಲಿಂದ ಕೈಕಾಲಿಗೆ ಇಳಿಯುವ ನರಗಳ ದಾರಿ ಮಿದುಳಿನ ಕಾಂಡದವರೆಗೂ ಸಣಕಲಾಗುತ್ತದೆ. ಚಿತ್ರದ ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಕುಳಿ ಮತ್ತೆ ತುಂಬುವುದಿಲ್ಲ.

ಪಾಶ್ಚರನ ಕಥೆ ಮುಗಿಯಲಿಲ್ಲ. ಮೂರು ತಿಂಗಳಾಗುವ ಹೊತ್ತಿಗೆ, 1869ರ ಜನವರಿಯಲ್ಲಿ, ವೈದ್ಯರ ಮಾತನ್ನು ಮೀರಿ ರೈಲಿನಲ್ಲಿ ಮಲಗಿಕೊಂಡೇ ಅಲೆಸ್ ಸೀಮೆಗೆ ಹೊರಟನು. ಕುಳಿತಲ್ಲಿಂದಲೇ ಮೊಟ್ಟೆಗಳ ಪರೀಕ್ಷೆಯನ್ನು ನಡೆಸಿದನು. ಅದೇ ವರ್ಷದ ಕೊನೆಯಲ್ಲಿ ಟ್ರಿಯೆಸ್ಟ್ ಬಳಿಯ ರಾಜಮನೆತನದ ತೋಟವೊಂದಕ್ಕೆ ಹೋಗಿ ನೆಲೆಸಿ, ರೇಷ್ಮೆ ಹುಳುವಿನ ಮಹಾಗ್ರಂಥವನ್ನು ಹೆಂಡತಿಗೆ ಹೇಳಿ ಬರೆಸಿದನು. 1870ರಲ್ಲಿ ಅದು ಹೊರಬಂದಿತು. ಎಡಗಾಲನ್ನು ಎಳೆದು ನಡೆಯುವುದು, ಎಡಗೈ ಬಿಗಿದು ಮಡಿಸಿಕೊಂಡಿರುವುದು ಕಡೆಯವರೆಗೂ ಉಳಿಯಿತು. ಉಳಿದ ಮಿದುಳು ಸತ್ತ ಭಾಗದ ಕೆಲಸವನ್ನು ಎಷ್ಟೋ ಮಟ್ಟಿಗೆ ಕಲಿತುಕೊಳ್ಳುತ್ತದೆಂದೂ, ಅಭ್ಯಾಸದಿಂದ ಆ ಕಲಿಕೆ ಬಲಿಯುತ್ತದೆಂದೂ ಇಂದು ನಮಗೆ ತಿಳಿದಿದೆ. ಸಾಮಾನ್ಯ ಚಿತ್ರದಲ್ಲಿ ಕಾಣುವುದು ಕುಳಿ; ಕಲಿಕೆ ಅಲ್ಲಿ ಕಾಣುವುದಿಲ್ಲ.

ಇಷ್ಟು ಹೇಳಿ ಪಾಶ್ಚರನು ಒಬ್ಬನೇ ಎಲ್ಲವನ್ನೂ ಗೆದ್ದನೆಂದರೆ ಅಸತ್ಯವಾದೀತು. ಒಂದು ಕೈಯ ಪ್ರಯೋಗಶೀಲನಿಗೆ ಬೇರೆಯವರ ಕೈಗಳು ಬೇಕಾದವು. ಎಮಿಲ್ ರೂ, ಶಾಂಬೆರ್ಲಾಂ ಮೊದಲಾದ ಶಿಷ್ಯರು ನಾಜೂಕಿನ ಕೆಲಸಗಳನ್ನೆಲ್ಲ ಮಾಡಿದರು. 1881ರ ಮೇ ತಿಂಗಳಲ್ಲಿ ಪುಯಿ-ಲ-ಫೋರ್ ಎಂಬಲ್ಲಿ ಬಹಿರಂಗವಾಗಿ ನಡೆದ ನೆರಡಿ ಲಸಿಕೆಯ ಪ್ರಯೋಗ ಪ್ರಸಿದ್ಧವಾದದ್ದು. ಜೂನ್ 2ರಂದು ಬಂದು ನೋಡಿದವರಿಗೆ ಲಸಿಕೆ ಹಾಕಿದ ಕುರಿಗಳು ಮೇಯುತ್ತಿದ್ದುದೂ, ಹಾಕದವು ಸತ್ತೋ ಸಾಯುತ್ತಲೋ ಬಿದ್ದಿದ್ದುದೂ ಕಂಡಿತು. ಆದರೆ ಅಂದು ಬಳಸಿದ ಲಸಿಕೆ ಶಾಂಬೆರ್ಲಾಂನು ರಾಸಾಯನಿಕದಿಂದ ಸಿದ್ಧಪಡಿಸಿದ್ದು. ಪಾಶ್ಚರನು ಅದನ್ನು ಲೋಕಕ್ಕೆ ಬಿಚ್ಚಿ ಹೇಳಲಿಲ್ಲ. ಆತನ ಪ್ರಯೋಗಶಾಲೆಯ ಪುಸ್ತಕಗಳನ್ನು ಓದಿದವರು ಹೊರತಂದ ಸಂಗತಿಯಿದು. ದೊಡ್ಡವರ ಚರಿತ್ರೆಯಲ್ಲಿ ಇಂಥದನ್ನು ಮುಚ್ಚಿಡಬೇಕಾದ ಅಗತ್ಯ ನನಗೆ ಕಾಣದು. 1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ಕರೆತಂದಾಗಲೂ ಸೂಜಿ ಹಿಡಿದವನು ಗ್ರಾಂಶೇ ಎಂಬ ವೈದ್ಯ, ಪಾಶ್ಚರನು ವೈದ್ಯನಲ್ಲ. ಹುಡುಗ ಬದುಕಿದನು. ಆ ಲಸಿಕೆಯ ಪರಂಪರೆಯೇ 1907ರಲ್ಲಿ ನಮ್ಮ ನೆರೆಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಯಾಗಿ ಬೇರೂರಿತು.

ನಮ್ಮ ಬಂಧುವಿನ ವರ್ಷದ ಮೇಲಿನ ಚಿತ್ರದಲ್ಲಿ ಕುಳಿಯೇ ಕುಳಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗ ಕೈಚೆಲ್ಲಿದನು. ಅದೇ ಹೊತ್ತಿಗೆ ಅವರು ಹಿತ್ತಲಲ್ಲಿ ಕೋಲೂರಿ ನಿಂತು, ತೊದಲು ಮಾತಿನಲ್ಲಿಯೇ, ಗಾಡಿಗೆ ತುಂಬುತ್ತಿದ್ದ ಕಾಯಿಗಳನ್ನು ಎಣಿಸುತ್ತಿದ್ದರು. ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. ಮೊದಲ ಚಿತ್ರವನ್ನು ನೋಡಿ ಧೈರ್ಯಗೊಂಡವನೂ ಕೊನೆಯ ಚಿತ್ರವನ್ನು ನೋಡಿ ಧೈರ್ಯಗೆಟ್ಟವನೂ ಅದೇ ಮಗ. ಎರಡು ಸಲವೂ ಅವನು ಚಿತ್ರವನ್ನು ನೋಡಿದನೇ ಹೊರತು ಅಪ್ಪನನ್ನು ನೋಡಲಿಲ್ಲ.

1887ರ ಅಕ್ಟೋಬರಿನಲ್ಲಿ ಪಾಶ್ಚರನಿಗೆ ಮತ್ತೆ ಪೆಟ್ಟು ಬಿದ್ದಿತು. ಈ ಸಲ ನಾಲಗೆ ಸೋತಿತು. ಮರುವರ್ಷ ನವೆಂಬರ್ 14ರ ಸಂಸ್ಥೆಯ ಉದ್ಘಾಟನೆಯಲ್ಲಿ ಆತನ ಭಾಷಣವನ್ನು ಮಗ ಓದಬೇಕಾಯಿತು. 1892ರಲ್ಲಿ ಎಪ್ಪತ್ತು ತುಂಬಿದ ದಿನ ಸಾರ್ಬಾನಿನ ಸಭಾಂಗಣಕ್ಕೆ ಆತನು ಗಣರಾಜ್ಯದ ಅಧ್ಯಕ್ಷನ ತೋಳು ಹಿಡಿದು ಬಂದನು. ಇಂಗ್ಲೆಂಡಿನಿಂದ ಬಂದ ಲಿಸ್ಟರನು ವೇದಿಕೆಯ ಮೇಲೆ ಅಪ್ಪಿಕೊಂಡನು. ಅಂದೂ ಮಾತನ್ನು ಓದಿದವನು ಮಗನೇ. ಕೊನೆಯ ತಿಂಗಳುಗಳಲ್ಲಿ ಪಾರ್ಶ್ವವಾಯು ಹಬ್ಬಿ ಚಲನೆಯೇ ಅಪರೂಪವಾಯಿತು. 1895ರ ಸೆಪ್ಟೆಂಬರ್ 28, ಶನಿವಾರ ಮಧ್ಯಾಹ್ನದ ಮೇಲೆ ಪ್ಯಾರಿಸ್ಸಿನ ಹೊರವಲಯದ ವಿಲ್ನವ್-ಲೆತಾಂ ಎಂಬಲ್ಲಿ, ಒಂದು ಕೈ ಹೆಂಡತಿಯ ಕೈಯಲ್ಲಿರಲು, ಪ್ರಾಣ ಹೋಯಿತು. ಮೈಯೊಳಗನ್ನು ಹೊರಗಿನಿಂದ ಕಾಣಿಸುವ ಕಿರಣ ರಾಂಟ್ಗನ್ನನ ಕಣ್ಣಿಗೆ ಬಿದ್ದದ್ದು ಆ ನವೆಂಬರಿನಲ್ಲಿ. ಪಾಶ್ಚರನ ದೇಹವನ್ನು ಮರುವರ್ಷ ಆತನ ಸಂಸ್ಥೆಯ ನೆಲಮಾಳಿಗೆಯ ಸಮಾಧಿಗೆ ತಂದಿರಿಸಿದರು. ಜೋಸೆಫ್ ಮೈಸ್ಟರನು ದೊಡ್ಡವನಾದ ಮೇಲೆ ಆ ಸಂಸ್ಥೆಯ ಕಾವಲುಗಾರನಾಗಿ, 1940ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು.